ತೀರ್ಪಿಗೂ ಮೊದಲೇ ಶಿಕ್ಷೆ

ಹುಮನಾಬಾದಿನಿಂದ ಒಂದು ರಸ್ತೆ ಬೀದರ್‌ಗೆ ಹೋಗುತ್ತದೆ, ಇನ್ನೊಂದು ಕಲಬುರಗಿಗೆ. ಶಾಲಾ ನಾಟಕವೊಂದರ ಮೇಲೆ ಹಾಕಿದ ದೇಶದ್ರೋಹದ ಕೇಸು ಈ ಎರಡೂ ಊರುಗಳ ಕೋರ್ಟುಗಳಲ್ಲಿ ಮೂರು ವರ್ಷ ಮೀರಿ ನಡೆಯಿತು.

2020ರ ಜನವರಿ 21ರಂದು ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಕುರಿತ ನಾಟಕ ಆಡಿದರು. ಅದರಲ್ಲಿ ಪ್ರಧಾನಿಗೆ ಅವಮಾನವಾಗಿದೆ ಎಂದು ದೂರು ಬಂತು. ಪೊಲೀಸರು ಐಪಿಸಿಯ 504, 505(2), 153ಎ ಕಲಂಗಳ ಜೊತೆಗೆ ದೇಶದ್ರೋಹದ 124ಎಯನ್ನೂ ಜಡಿದರು. ಜೀವಾವಧಿ ಶಿಕ್ಷೆಗೂ ದಾರಿ ಇದ್ದ ಕಲಂ ಅದು. ಜನವರಿ 30ರಂದು ಮುಖ್ಯೋಪಾಧ್ಯಾಯಿನಿ ಹಾಗೂ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂಧನಕ್ಕೊಳಗಾದರು. ಜಾಮೀನು ಸಿಕ್ಕಿದ್ದು ಫೆಬ್ರುವರಿ 14ಕ್ಕೆ. ಪೊಲೀಸರು ಮಕ್ಕಳನ್ನೂ ಮತ್ತೆ ಮತ್ತೆ ವಿಚಾರಿಸಿದರು.

ಸರ್ಕಾರದ ಟೀಕೆಯೆಲ್ಲ ದೇಶದ್ರೋಹವಲ್ಲ, ಹಿಂಸೆಗೆ ಅಥವಾ ಸಾರ್ವಜನಿಕ ಅಶಾಂತಿಗೆ ಪ್ರಚೋದನೆ ಇರಬೇಕು ಎಂದು ಸುಪ್ರೀಂ ಕೋರ್ಟ್ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ 1962ರಲ್ಲೇ ಹೇಳಿತ್ತು. 2020ರ ಮಾರ್ಚ್‌ನಲ್ಲಿ ಆಡಳಿತ ಮಂಡಳಿಯವರಿಗೆ ನಿರೀಕ್ಷಣಾ ಜಾಮೀನು ಕೊಟ್ಟ ಬೀದರ್ ಜಿಲ್ಲಾ ನ್ಯಾಯಾಲಯಕ್ಕೂ ಮೇಲ್ನೋಟಕ್ಕೆ ದೇಶದ್ರೋಹ ಕಾಣಲಿಲ್ಲ. ಆದರೂ ಅವರ ಮೇಲಿನ ಕೇಸು ರದ್ದಾಗಲು 2023ರ ಜೂನ್ 14ರವರೆಗೆ ಕಾಯಬೇಕಾಯಿತು. ನಾಟಕದ ಮಾತುಗಳು ಅವಹೇಳನಕಾರಿ, ಆದರೆ ದೇಶದ್ರೋಹವಲ್ಲ ಎಂದರು ಹೈಕೋರ್ಟ್‌ನ ಕಲಬುರಗಿ ಪೀಠದ ನ್ಯಾಯಮೂರ್ತಿ ಹೇಮಂತ ಚಂದನಗೌಡರ್.

ಜ್ಯೂರಿ ಇರುವ ದೇಶಗಳಲ್ಲಿ ಇಂಥ ಅತಿ ಆರೋಪಕ್ಕೆ ಸಾಮಾನ್ಯ ಜನರೇ ತಡೆಯಾದದ್ದುಂಟು. 1670ರಲ್ಲಿ ಲಂಡನ್ನಿನ ಬೀದಿಯಲ್ಲಿ ಧರ್ಮೋಪದೇಶ ಮಾಡಿದ ವಿಲಿಯಂ ಪೆನ್‌ನನ್ನು ಅಪರಾಧಿ ಎನ್ನಲು ಜ್ಯೂರಿಗಳು ಒಪ್ಪಲಿಲ್ಲ. ಅನ್ನ ನೀರು ಕೊಡದೆ ಕೂಡಿಹಾಕಿದರೂ ಮಣಿಯಲಿಲ್ಲ. ಆದರೆ ಜ್ಯೂರಿ ಜನಪ್ರಿಯತೆಗೂ ಒಲಿಯಬಹುದು. 1959ರಲ್ಲಿ ಮುಂಬೈಯ ಜ್ಯೂರಿ ನೌಕಾಧಿಕಾರಿ ನಾನಾವತಿಯನ್ನು ಕೊಲೆ ಆರೋಪದಿಂದ ಬಿಟ್ಟಿತು, ಹೈಕೋರ್ಟ್ ಜೀವಾವಧಿ ಶಿಕ್ಷೆ ವಿಧಿಸಿತು. ನಮ್ಮಲ್ಲಿ ಆ ಪದ್ಧತಿ ಈಗಿಲ್ಲ, ಅದು ಮರಳಿ ಬರಬೇಕೆಂದೂ ನಾನು ಕೇಳುತ್ತಿಲ್ಲ.

ನಾನು ಕೇಳುವುದು ಇಷ್ಟೇ: ಕಾನೂನಿನಲ್ಲಿ ಈಗಾಗಲೇ ಇರುವ ತಡೆಗಳು ಕೆಲಸ ಮಾಡಲಿ. ತನಿಖಾಧಿಕಾರಿ ಆರೋಪಕ್ಕೆ ಆಧಾರವಿಲ್ಲವೆಂದು ಬಿ ರಿಪೋರ್ಟ್ ಹಾಕಬಹುದು. ಸರ್ಕಾರಿ ಅಭಿಯೋಜಕರು ಕೋರ್ಟಿನ ಒಪ್ಪಿಗೆ ಪಡೆದು ಕೇಸು ಹಿಂಪಡೆಯಬಹುದು. ಸೆಷನ್ಸ್ ನ್ಯಾಯಾಧೀಶರು ಹುರುಳಿಲ್ಲದ ಆರೋಪವನ್ನು ವಿಚಾರಣೆಗೂ ಮೊದಲೇ ಕೈಬಿಡಬಹುದು. 124ಎ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಬಂದಿದೆ, ಅಲ್ಲಿಯೂ ಜೀವಾವಧಿ ಶಿಕ್ಷೆಗೆ ಅವಕಾಶವಿದೆ. ಅದನ್ನು ಎಫ್‌ಐಆರ್‌ಗೆ ಸೇರಿಸುವ ಮುನ್ನ ಠಾಣೆಯಲ್ಲೊಬ್ಬರು 1962ರ ಆ ತೀರ್ಪನ್ನು ಓದಬೇಕು. ಬೀದರ್‌ನಲ್ಲಿ ಓದಿದ್ದರೆ ಆ ತಾಯಿ ಜೈಲಿಗೆ ಹೋಗಬೇಕಿರಲಿಲ್ಲ.