ಅಂತರಲಾಗದ ಭೌತವಿಜ್ಞಾನ

ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ನಲ್ಲಿ ಪುರುಷರ ‘ಫ್ಲೋರ್ ಎಕ್ಸರ್‌ಸೈಜ್’ ಸ್ಪರ್ಧೆಯನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. 12 ಮೀಟರ್ ಉದ್ದ, 12 ಮೀಟರ್ ಅಗಲದ ಚೌಕ. ಹಿಡಿಯಲು ಸರಳಿಲ್ಲ, ಬಳೆಯಿಲ್ಲ. ಮಹಿಳೆಯರ ಸ್ಪರ್ಧೆಯಲ್ಲಿರುವಂತೆ ಸಂಗೀತವೂ ಇಲ್ಲ. ಕ್ರೀಡಾಪಟು ಓಡಿಬಂದು, ಅಂತರಲಾಗ ಹಾಕಿ, ಕಾಲೂರಿ ನಿಲ್ಲುತ್ತಾನೆ. ದೊಡ್ಡ ಲಾಗವೊಂದರಲ್ಲಿ ಅವನು ಗಾಳಿಯಲ್ಲಿರುವುದು ಸುಮಾರು ಒಂದು ಸೆಕೆಂಡ್ ಮಾತ್ರ. ಆ ಒಂದು ಸೆಕೆಂಡಿನ ಲೆಕ್ಕವನ್ನು ನೋಡೋಣ.

ಅರ್ಧ ಸೆಕೆಂಡ್ ಏರಿಕೆ, ಅರ್ಧ ಸೆಕೆಂಡ್ ಇಳಿಕೆ ಎಂದುಕೊಳ್ಳಿ. ಆಗ ಮೇಲ್ಮುಖ ವೇಗ 9.8 × 0.5 = 4.9 ಮೀ/ಸೆ, ದೇಹದ ಗುರುತ್ವ ಕೇಂದ್ರ ಏರುವ ಎತ್ತರ ಸುಮಾರು 1.2 ಮೀಟರ್. ಪಾದ ನೆಲಕ್ಕೆ ತಾಗಿರುವ ಅವಧಿ 0.1 ಸೆಕೆಂಡ್ ಎಂದಿಟ್ಟುಕೊಂಡರೆ, 60 ಕಿಲೋಗ್ರಾಂನ ವ್ಯಕ್ತಿಯ ಮೇಲೆ ನೆಲ ಪ್ರಯೋಗಿಸುವ ಸರಾಸರಿ ಬಲ 60 × (49 + 9.8), ಅಂದರೆ ಸುಮಾರು 3,530 ನ್ಯೂಟನ್. ಇದು ಅವನ ತೂಕದ ಆರು ಪಟ್ಟು! ಹಲಗೆಯ ಕೆಳಗೆ ಸ್ಪ್ರಿಂಗ್, ಮೇಲೆ ಫೋಮ್ ಇರಿಸಿ ನೆಲವನ್ನು ಸಿದ್ಧಪಡಿಸುವುದೇಕೆಂದು ಈಗ ತಿಳಿಯಿತಲ್ಲವೆ?

ಪಾದ ನೆಲ ಬಿಟ್ಟ ಮೇಲೆ ಗುರುತ್ವ ಕೇಂದ್ರದ ಪಥವನ್ನಾಗಲಿ, ದೇಹದ ಕೋನೀಯ ಸಂವೇಗವನ್ನಾಗಲಿ ಕ್ರೀಡಾಪಟು ಬದಲಿಸಲಾರ. ಬದಲಿಸಬಲ್ಲದ್ದು ಒಂದೇ: ದೇಹದ ಆಕಾರ. ಮೈ ನೀಳವಾಗಿ ಚಾಚಿದಾಗಿನ ಭ್ರಮಣ ಜಡತ್ವ, ಮಂಡಿಗಳನ್ನು ಎದೆಗೆ ಒತ್ತಿ ಮುದುಡಿದಾಗಿನದಕ್ಕಿಂತ ಮೂರು–ನಾಲ್ಕು ಪಟ್ಟು ಹೆಚ್ಚು. ಭ್ರಮಣ ಜಡತ್ವ ಮತ್ತು ಕೋನವೇಗಗಳ ಗುಣಲಬ್ಧ ಸ್ಥಿರವಾದ್ದರಿಂದ, ಮುದುಡಿದರೆ ವೇಗ ಅಷ್ಟೇ ಪಟ್ಟು ಹೆಚ್ಚುತ್ತದೆ, ಚಾಚಿದರೆ ಇಳಿಯುತ್ತದೆ.

ಹಾಗಾದರೆ ಗಾಳಿಯಲ್ಲಿ ಬುಗುರಿಯಂತೆ ತಿರುಚುವುದು ಹೇಗೆ? ಲಾಗ ಹಾಕುತ್ತಿರುವಾಗ ಒಂದು ತೋಳನ್ನು ಮೇಲಿನಿಂದ ಕೆಳಕ್ಕೆ ಸೆಳೆದರೆ ದೇಹ ಪಕ್ಕಕ್ಕೆ ತುಸು ವಾಲುತ್ತದೆ. ಆಗ ಲಾಗದ ಕೋನೀಯ ಸಂವೇಗದ ಒಂದಂಶ ತಲೆಯಿಂದ ಪಾದದವರೆಗಿನ ಅಕ್ಷದ ಗುಂಟ ಬೀಳುತ್ತದೆ. ಆ ಅಕ್ಷದ ಸುತ್ತ ಜಡತ್ವ ಬಹಳ ಕಡಿಮೆ. ಹಾಗಾಗಿ ಸಣ್ಣ ಅಂಶವೇ ವೇಗದ ತಿರುಚಾಗುತ್ತದೆ. 2013ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 17 ವರ್ಷದ ಜಪಾನಿನ ಕೆಂಜೊ ಶಿರಾಯಿ ಒಂದೇ ಲಾಗದಲ್ಲಿ ನಾಲ್ಕು ತಿರುಚು, ಅಂದರೆ 1,440 ಡಿಗ್ರಿ, ಪೂರೈಸಿ ಚಿನ್ನ ಗೆದ್ದ.

ಈ ಲೆಕ್ಕದಲ್ಲಿ ಅಪಾಯವೂ ಅಡಗಿದೆ. ಜಿಗಿತ 1.2 ಮೀಟರ್ ಬದಲು 1 ಮೀಟರ್ ಆದರೆ ಗಾಳಿಯಲ್ಲಿರುವ ಸಮಯ ಸುಮಾರು 0.9 ಸೆಕೆಂಡ್. ಸೆಕೆಂಡಿಗೆ ಎರಡು ಸುತ್ತು ತಿರುಗುವವನಿಗೆ ಆ 0.1 ಸೆಕೆಂಡಿನ ನಷ್ಟವೆಂದರೆ 72 ಡಿಗ್ರಿ ಕೊರತೆ! ಕಾಲಿನ ಮೇಲೆ ಇಳಿಯುವ ಲಾಗದಲ್ಲಿ ಇದರಿಂದ ಮುಗ್ಗರಿಸಬಹುದು. ಆದರೆ ಅಮೆರಿಕದ ಕರ್ಟ್ ಥಾಮಸ್ ಹೆಸರಿನ ಲಾಗದಲ್ಲಿ ಒಂದೂವರೆ ಸುತ್ತಿನ ನಂತರ ತಲೆ ಕೆಳಗಾಗಿಯೇ ನೆಲ ಮುಟ್ಟಿ ಉರುಳಬೇಕು. 1978ರ ವಿಶ್ವ ಚಾಂಪಿಯನ್, ಸೋವಿಯತ್ ಒಕ್ಕೂಟದ ಎಲೆನಾ ಮುಖಿನಾ 1980ರ ಜುಲೈನಲ್ಲಿ ಇದರ ಅಭ್ಯಾಸದಲ್ಲಿದ್ದಾಗ ಸುತ್ತು ಪೂರ್ಣವಾಗದೆ ಗದ್ದ ನೆಲಕ್ಕೆ ಬಡಿಯಿತು. ಕತ್ತಿನ ಮೂಳೆ ಮುರಿದು, 2006ರಲ್ಲಿ ತೀರಿಕೊಳ್ಳುವವರೆಗೂ ಆಕೆ ಪಾರ್ಶ್ವವಾಯುವಿನಿಂದ ಬಳಲಿದರು. ಇಂಥ ಲಾಗಗಳನ್ನು ಮೊದಲು ಮಹಿಳೆಯರಿಗೆ, ಅನಂತರ ಪುರುಷರಿಗೂ ನಿಷೇಧಿಸಲಾಯಿತು.

ಇಳಿಯುವಾಗ ಒಂದು ಸಣ್ಣ ಹೆಜ್ಜೆ ಸರಿದರೂ 0.1 ಅಂಕ ಕಡಿತ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫಿಲಿಪ್ಪೀನ್ಸ್‌ನ ಕಾರ್ಲೊಸ್ ಯೂಲೊ (15.000) ಇಸ್ರೇಲಿನ ಆರ್ಟೆಮ್ ಡೊಲ್ಗೊಪ್ಯಾಟ್ (14.966) ಅವರನ್ನು ಹಿಂದಿಕ್ಕಿದ್ದು ಕೇವಲ 0.034 ಅಂಕದಿಂದ.

ತರಗತಿಯಲ್ಲಿ ಇದನ್ನು ತೋರಿಸಲು ಲಾಗ ಹಾಕಿಸಬೇಕಿಲ್ಲ! ಸರಾಗವಾಗಿ ತಿರುಗುವ ಕುರ್ಚಿಯಲ್ಲಿ ವಿದ್ಯಾರ್ಥಿಯೊಬ್ಬನನ್ನು ಕೂರಿಸಿ, ಎರಡು ಕೈಗಳಲ್ಲೂ ದಪ್ಪ ಪುಸ್ತಕ ಕೊಟ್ಟು, ತೋಳು ಚಾಚಿಸಿ ನಿಧಾನವಾಗಿ ತಿರುಗಿಸಿ. ಪುಸ್ತಕಗಳನ್ನು ಎದೆಗೆ ಸೆಳೆದುಕೊಳ್ಳಲು ಹೇಳಿ. ಒಂದು ಸುತ್ತಿಗೆ ತಗಲುವ ಕಾಲವನ್ನು ಎರಡೂ ಸ್ಥಿತಿಯಲ್ಲಿ ಅಳೆದರೆ, ಭ್ರಮಣ ಜಡತ್ವ ಎಷ್ಟು ಪಟ್ಟು ಬದಲಾಯಿತೆಂದು ನೀವೇ ಕಂಡುಕೊಳ್ಳಬಹುದು.