ನೂರಾ ಇಪ್ಪತ್ತು ತಾಸಿನ ಲೆಕ್ಕ

ಗದಗ ತಾಲ್ಲೂಕಿನ ಹರ್ತಿ ದೊಡ್ಡ ಹೆಸರಿನ ಊರೇನಲ್ಲ. ಅಲ್ಲಿ ಬಸವೇಶ್ವರನ ಗುಡಿಯಿದೆ, ವರ್ಷಕ್ಕೊಮ್ಮೆ ಉತ್ಸವ ನಡೆಯುತ್ತದೆ. ಪಾರ್ವತಿ ಪರಮೇಶ್ವರರ ಗುಡಿಯೂ ಇದೆ, ಅದರ ಕಲ್ಲುಗಳ ಮೇಲೆ ಚಾಲುಕ್ಯರ ಕಾಲದ ಕೆತ್ತನೆಗಳಿವೆ. ಇಂಥ ಊರಿನಲ್ಲಿ ಬೆಳೆದ ಹುಡುಗ ಶಾಲೆಯ ಪ್ರವಾಸದಲ್ಲಿ ಬೇಲೂರು, ಹಳೇಬೀಡು ನೋಡಿ ಬಂದಿರುತ್ತಾನೆ. ಫೋಟೋ ಕೂಡ ತೆಗೆಸಿಕೊಂಡಿರುತ್ತಾನೆ. ನಿಮ್ಮೂರ ಗುಡಿ ಕಟ್ಟಿಸಿದವರು ಯಾರ ಕಾಲದವರಪ್ಪ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ. ತಪ್ಪು ಹುಡುಗನದಲ್ಲ. ಆ ಗುಡಿಗೆ ಅವನನ್ನು ಯಾರೂ ಕರೆದುಕೊಂಡು ಹೋಗಿಲ್ಲ, ಅವನೇ ಹೋಗಿ ಕಟ್ಟೆಯ ಮೇಲೆ ಆಡಿ ಬಂದಿದ್ದಾನೆ, ಅಷ್ಟೆ.

ಹೀಗೆ ಕರೆದುಕೊಂಡು ಹೋಗುವ ಕೆಲಸಕ್ಕೆಂದೇ ಶಾಲೆ ಕಾಲೇಜುಗಳಲ್ಲಿ ಕೆಲವು ವ್ಯವಸ್ಥೆಗಳಿವೆ. ರಾಷ್ಟ್ರೀಯ ಸೇವಾ ಯೋಜನೆಯ ಘಟಕ, ರೋಟರಿಯವರ ಇಂಟರ್‍ಯಾಕ್ಟ್ ಕ್ಲಬ್, ಲಯನ್ಸ್‌ನವರ ಲಿಯೋ ಕ್ಲಬ್ ಮುಂತಾದವು. ಮಗ ಅಥವಾ ಮಗಳು ಇವುಗಳ ಅರ್ಜಿ ತಂದು ಸಹಿ ಕೇಳಿದಾಗ ಪಾಲಕರ ಬಾಯಿಂದ ಬರುವ ಮೊದಲ ಮಾತು ಒಂದೇ: 'ಓದೋ ಟೈಮಿನ್ಯಾಗ ಇದೆಲ್ಲಾ ಯಾಕ ಬೇಕವಾ?' ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹರ್ತಿಯಂಥ ಊರಿನಿಂದ ದಿನಾ ಬಸ್ಸು ಹತ್ತಿ ಗದಗಿಗೆ ಹೋಗಿ ಬರುವ ವಿದ್ಯಾರ್ಥಿಗೆ ಒಂದು ತಾಸು ಎಂದರೆ ಸಣ್ಣ ಸೊತ್ತಲ್ಲ.

ಹಾಗಾದರೆ ಲೆಕ್ಕ ಹಾಕಿಯೇ ನೋಡಬಹುದು. ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಡಾ. ವಿ.ಕೆ.ಆರ್.ವಿ. ರಾವ್. ಅವರು ಲೋಕಸಭೆಯಲ್ಲಿ ಬಳ್ಳಾರಿಯನ್ನು ಪ್ರತಿನಿಧಿಸುತ್ತಿದ್ದ ಅರ್ಥಶಾಸ್ತ್ರಜ್ಞ. ಮೊದಲ ವರ್ಷ 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳು ಸೇರಿದರು. ಸ್ವಯಂಸೇವಕನಾದವನು ವರ್ಷಕ್ಕೆ 120 ತಾಸಿನಂತೆ ಎರಡು ವರ್ಷ ದುಡಿಯಬೇಕು. ಜೊತೆಗೆ ದತ್ತು ತೆಗೆದುಕೊಂಡ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. 120 ತಾಸನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ ಬರುವುದು ಎರಡು ತಾಸು ಇಪ್ಪತ್ತು ನಿಮಿಷ ಮಾತ್ರ. ಟಿ.ವಿ. ಮತ್ತು ಮೊಬೈಲ್ ಫೋನು ಇದಕ್ಕಿಂತ ಎಷ್ಟು ಹೆಚ್ಚು ಕಬಳಿಸುತ್ತವೆ ಎಂಬುದು ಪ್ರತಿ ಮನೆಯವರಿಗೂ ಗೊತ್ತು.

ಪ್ರಶ್ನೆ ಇರುವುದು ತಾಸುಗಳ ಸಂಖ್ಯೆಯಲ್ಲಲ್ಲ, ಅವು ಹೋಗುವ ದಾರಿಯಲ್ಲಿ. ಬ್ಯಾನರು ಕಟ್ಟುವುದು, ಅತಿಥಿಗಳಿಗಾಗಿ ಕಾಯುವುದು, ಹೋದ ವರ್ಷ ನೆಟ್ಟು ಒಣಗಿದ ಸಸಿಯ ಗುಂಡಿಯಲ್ಲೇ ಈ ವರ್ಷದ ಸಸಿ ನೆಡುವುದು, ಕೊನೆಗೆ ಉಪ್ಪಿಟ್ಟು ತಿಂದು ಚದುರುವುದು! ಹೀಗೆ ಕಳೆದ ತಾಸುಗಳೂ ದಾಖಲೆ ಪುಸ್ತಕದಲ್ಲಿ ಸೇವೆ ಎಂದೇ ಜಮೆಯಾಗುತ್ತವೆ. ಪಾಲಕರ ಸಿಟ್ಟಿಗೆ ಅರ್ಧ ಕಾರಣ ಇದೇ. ಆ ಸಿಟ್ಟು ನ್ಯಾಯವಾದದ್ದು.

ಒಳ್ಳೆಯ ಘಟಕಗಳು ಮಾಡುವುದೇ ಬೇರೆ. ಅವು ದೂರಕ್ಕೆ ಹೋಗುವುದಿಲ್ಲ. ಗದಗ ಜಿಲ್ಲೆಯಲ್ಲಂತೂ ದೂರ ಹೋಗುವ ಅಗತ್ಯವೇ ಇಲ್ಲ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖಿನ ಕಡೆಯ ಹಕ್ಕಿಗಳವು. ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಕೆರೆ ದಂಡೆಯಲ್ಲಿ ನಿಂತು ಹಕ್ಕಿ ನೋಡಿ ಬರುವುದು ಪ್ರವಾಸವಾಯಿತು. ಅದೇ ಹಕ್ಕಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತದಲ್ಲ, ಆ ಹೊಲದ ಯಜಮಾನನನ್ನು ಮಾತಾಡಿಸಿ, 'ಯಪ್ಪಾ, ಎಷ್ಟು ಲುಕ್ಸಾನ ಆತು?' ಎಂದು ಕೇಳಿ ಬರೆದುಕೊಂಡು ಬಂದರೆ ಅದು ಕಲಿಕೆ. ಹಕ್ಕಿಯೂ ಉಳಿಯಬೇಕು, ರೈತನೂ ಉಳಿಯಬೇಕು ಎಂಬ ತೊಡಕು ಪಠ್ಯಪುಸ್ತಕದ ಪರಿಸರ ಪಾಠದಲ್ಲಿ ಅಷ್ಟು ಸುಲಭಕ್ಕೆ ಸಿಗದು.

ಕಪ್ಪತಗುಡ್ಡದ್ದೂ ಇಂಥದೇ ಪಾಠ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ, ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡಸಾಲನ್ನು 2015ರಲ್ಲಿ ಸರ್ಕಾರ ಸಂರಕ್ಷಿತ ಪ್ರದೇಶವೆಂದು ಸಾರಿತು. 2016ರಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಜನ ಬೀದಿಗಿಳಿದರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಹೋರಾಟದ ಮುಂದೆ ನಿಂತರು. 2017ರಲ್ಲಿ ಆದೇಶ ಮರಳಿ ಬಂತು, 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಪೌರನೀತಿಯ ಒಂದು ಅಧ್ಯಾಯವೇ ಮನೆಯ ಹಿತ್ತಲಲ್ಲಿ ನಡೆದುಹೋಗಿದೆ. ಗುಡ್ಡ ಹತ್ತುವ ಮುನ್ನ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಬೇಕು. ಆ ಅರ್ಜಿಯನ್ನು ಮೇಷ್ಟ್ರು ಬರೆಯದೆ ವಿದ್ಯಾರ್ಥಿಗಳಿಂದಲೇ ಬರೆಸಿದರೆ ಅದೂ ಒಂದು ಪಾಠವಾದೀತು.

ಇನ್ನು ಲಕ್ಕುಂಡಿಗೆ ಹೋದವರು ಬ್ರಹ್ಮಜಿನಾಲಯದ ಮುಂದೆ ಸ್ವಲ್ಪ ಹೊತ್ತು ಕೂಡಬೇಕು. ಅದನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು. ಅಚ್ಚಿನ ಯಂತ್ರವಿಲ್ಲದ ಕಾಲ. ಸಾವಿರವನ್ನೂ ಕೈಯಲ್ಲೇ ಬರೆಯಬೇಕಿತ್ತು. ಓದುವವರ ಕೈಗೆ ಪುಸ್ತಕ ಮುಟ್ಟಿಸುವುದೂ ದೊಡ್ಡ ಸೇವೆಯೆಂದು ಈ ನೆಲದಲ್ಲಿ ಸಾವಿರ ವರ್ಷದ ಹಿಂದೆಯೇ ತಿಳಿದಿತ್ತು. ತೇರ್ಗಡೆಯಾದವರು ತಮ್ಮ ಪಠ್ಯಪುಸ್ತಕ, ಟಿಪ್ಪಣಿಗಳನ್ನು ರದ್ದಿಗೆ ಹಾಕುವ ಬದಲು ಕಿರಿಯರಿಗೆ ದಾಟಿಸುವ ಪುಸ್ತಕ ಬ್ಯಾಂಕು ಇದಕ್ಕಿಂತ ಬೇರೆಯೇನಲ್ಲ.

ಒಂದು ಕಾಕತಾಳೀಯವನ್ನೂ ಹೇಳಬೇಕು. ಇಂಟರ್‍ಯಾಕ್ಟ್ ಕ್ಲಬ್ಬುಗಳ ಮೂಲಸಂಸ್ಥೆ ರೋಟರಿ ಹುಟ್ಟಿದ್ದು 1905ರಲ್ಲಿ, ಅಮೆರಿಕದ ಷಿಕಾಗೋದಲ್ಲಿ. ವಕೀಲ ಪಾಲ್ ಹ್ಯಾರಿಸ್ ಮತ್ತು ಗೆಳೆಯರು ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ಆ ಹೆಸರು. ಅದೇ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಕೂಡಿ ನಿಲ್ಲುವುದನ್ನು ಈ ಸೀಮೆಯವರು ಹೊರಗಿನಿಂದ ಕಲಿಯಬೇಕಾಗಿರಲಿಲ್ಲ.

ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸುವುದೂ ಹಾಗೆಯೇ. ಹಳೆಯ ಗಾವಠಿ ಶಾಲೆಗಳಲ್ಲಿ ದೊಡ್ಡ ಹುಡುಗ ಸಣ್ಣವನ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದ. 1789ರ ನಂತರ ಮದರಾಸಿನ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೇಶಿ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಮಾಡಿಸಹೋದ. ಮೇಷ್ಟ್ರುಗಳು ಒಪ್ಪಲಿಲ್ಲ. ಕೊನೆಗೆ ಒಬ್ಬ ಹುಡುಗನನ್ನೇ ಕಲಿಸಲು ಕೂಡಿಸಿದ; ಕೆಲಸ ಸಾಗಿತು. 1797ರಲ್ಲಿ ಅವನು ಅದರ ಬಗ್ಗೆ ಪುಸ್ತಕ ಬರೆದ ಮೇಲೆ ಇಂಗ್ಲೆಂಡಿನ ಶಾಲೆಗಳಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ನಡೆಯಿತು. ಮೇಷ್ಟ್ರ ಸಂಬಳ ಉಳಿಸುವ ಅಗ್ಗದ ಉಪಾಯವಾಗಿಯೂ ಅದನ್ನು ಬಳಸಿಕೊಂಡರೆಂಬುದು ಬೇರೆ ಮಾತು. ಇಂದಿನ ಕ್ಲಬ್ಬುಗಳೂ ಈ ಎಚ್ಚರ ಇಟ್ಟುಕೊಳ್ಳಬೇಕು: ಕಾಲೇಜಿನ ಹುಡುಗಿ ಶಾಲೆಯ ಶಿಕ್ಷಕರ ಜೊತೆಗಾತಿಯೇ ಹೊರತು ಅವರ ಜಾಗಕ್ಕೆ ಬಂದವಳಲ್ಲ.

ಅವಳಿಂದ ಆಗುವುದೇನು? ಎಂಟನೇ ಇಯತ್ತೆಯ ಹುಡುಗ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆಯುತ್ತಾನೆ. ಅರವತ್ತು ಮಕ್ಕಳ ತರಗತಿಯಲ್ಲಿ ಅದಕ್ಕೊಂದು ಕೆಂಪು ಗೀಟು ಬಿದ್ದು ಮುಗಿಯುತ್ತದೆ. ಪಕ್ಕದಲ್ಲಿ ಕೂತ ಅಕ್ಕ ಕೇಳುತ್ತಾಳೆ: 'ಅರ್ಧ ರೊಟ್ಟಿ ನಿನ್ನ ತಾಟಿನ್ಯಾಗ ಐತಿ. ಮ್ಯಾಲೆ ಇನ್ನೊಂದು ತುಂಡು ಹಾಕಿದೆ. ಅರ್ಧಕ್ಕಿಂತ ಕಡಿಮಿ ಹೆಂಗ ಆತೋ ತಮ್ಮಾ?' ಹುಡುಗ ನಕ್ಕು ಅಳಿಸುತ್ತಾನೆ. ಹೀಗೆ ಕೇಳಲು ಅವಳಿಗೆ ಪದವಿ ಬೇಕಿಲ್ಲ. ನಾಲ್ಕು ವರ್ಷದ ಹಿಂದೆ ತಾನೂ ಅದೇ ತಪ್ಪು ಮಾಡಿದ ನೆನಪು ಸಾಕು. ಆದರೆ ಜೂನ್‌ನಲ್ಲಿ ಬಂದವಳು ಮಾರ್ಚಿನವರೆಗೆ ಅದೇ ಹುಡುಗನ ಪಕ್ಕದಲ್ಲಿ ಕೂಡಬೇಕು. ವಾರಕ್ಕೊಬ್ಬರಂತೆ ಬದಲಾದರೆ ಹುಡುಗ ತನ್ನ ತಪ್ಪನ್ನು ಯಾರ ಮುಂದೂ ಬಿಚ್ಚುವುದಿಲ್ಲ.

ಗದಗಿನಲ್ಲಿ ಇನ್ನೂ ಒಂದು ಕೆಲಸವಿದೆ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದ ವೀರೇಶ್ವರ ಪುಣ್ಯಾಶ್ರಮದಿಂದಾಗಿ ಈ ಊರು ಅಂಧ ಮಕ್ಕಳ ವಿದ್ಯೆಗೆ ಹೆಸರಾಯಿತು. ಕಣ್ಣು ಕಾಣದ ವಿದ್ಯಾರ್ಥಿ ಎಲ್ಲೇ ಇರಲಿ, ಪಾಠ ಗಟ್ಟಿಯಾಗಿ ಓದಿ ಹೇಳುವವರು ಬೇಕು; ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆಯುವ ಲಿಪಿಕಾರ ಬೇಕು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ ವಿದ್ಯಾರ್ಥಿ ತಾನೇ ಕರೆತರುವ ಲಿಪಿಕಾರ ಅವನಿಗಿಂತ ಒಂದು ಮೆಟ್ಟಿಲು ಕೆಳಗೆ ಓದುತ್ತಿರಬೇಕಿತ್ತು. ತಾಸಿಗೆ ಕನಿಷ್ಠ 20 ನಿಮಿಷದಂತೆ ಮೂರು ತಾಸಿನ ಪರೀಕ್ಷೆಗೆ ಒಂದು ತಾಸು ಹೆಚ್ಚು ಸಿಗುತ್ತದೆ. ಕೆಳಗಿನ ತರಗತಿಯವರೇ ಬೇಕು ಎಂದಾಗ ಕೈ ಎತ್ತಬೇಕಾದವರು ಒಂಬತ್ತನೇ ಇಯತ್ತೆಯ, ಪಿಯುಸಿಯ ಮಕ್ಕಳೇ.

ಈ ಕೆಲಸಕ್ಕೆ ಹೆಸರು ಕೊಡುವವರು ಮುಂಚಿತವಾಗಿ ನಾಲ್ಕಾರು ಸಲ ಒಟ್ಟಿಗೆ ಕೂತು ಅಭ್ಯಾಸ ಮಾಡಬೇಕು. ಪ್ರಶ್ನೆಯನ್ನು ಎಷ್ಟು ನಿಧಾನ ಓದಬೇಕು, ಅಂಕಿಗಳನ್ನು ಹೇಗೆ ಒಡೆದು ಹೇಳಬೇಕು, ರೇಖಾಕೃತಿ ಬಂದರೆ ಹೇಗೆ ವಿವರಿಸಬೇಕು ಎಂಬುದೆಲ್ಲ ಆಗಲೇ ಹೊಂದಬೇಕು. ಉತ್ತರ ತಪ್ಪೆಂದು ಗೊತ್ತಿದ್ದರೂ ಲಿಪಿಕಾರ ಬಾಯಿಬಿಡುವಂತಿಲ್ಲ, ಹೇಳಿದ್ದನ್ನಷ್ಟೇ ಬರೆಯಬೇಕು. ಹದಿನೈದು ವರ್ಷದ ಹುಡುಗಿಗೆ ಇದು ಸುಲಭವಲ್ಲ. ಪರೀಕ್ಷೆಯ ದಿನ ಅವಳನ್ನು ಬಸ್ಸಿಗೆ ಬಿಡಲು ಬರುವ ಅಪ್ಪ ಎರಡು ಪೆನ್ನು ಹೆಚ್ಚಿಗೆ ಕೊಟ್ಟು ಕಳಿಸಿದರೆ ಒಳ್ಳೆಯದು. ನಾಲ್ಕು ತಾಸಿನ ಬರವಣಿಗೆ ಅದು.