ಔಷಧ ರೆಫ್ರಿಜರೇಟರ್‌ಗಳಲ್ಲಿ ತಾಪಮಾನ ದಾಖಲಿಸುವ ಕಿರು ಉಪಕರಣ (ಡೇಟಾ ಲಾಗರ್): ಅರ್ಜಿದಾರರಿಗೆ ಮಾಹಿತಿ

ಔಷಧ ಮಾರಾಟ ಪರವಾನಗಿಗೆ ಅರ್ಜಿ ಸಲ್ಲಿಸುವವರು ಹಾಗೂ ಲಸಿಕೆ, ಇನ್ಸುಲಿನ್ ಮುಂತಾದವುಗಳನ್ನು ದಾಸ್ತಾನು ಮಾಡುವ ಚಿಕಿತ್ಸಾಲಯಗಳ ತಿಳುವಳಿಕೆಗಾಗಿ ಈ ವಿವರಣೆಯನ್ನು ನೀಡಲಾಗಿದೆ.

ತಾಪಮಾನದ ಮಹತ್ವ

ಔಷಧ ನಿಯಮಗಳು, 1945ರಂತೆ, ಔಷಧಗಳ ಗುಣ ಕೆಡದಂತೆ ಸಂಗ್ರಹಿಸಿಡಲು ತಕ್ಕ ವ್ಯವಸ್ಥೆ ಮಳಿಗೆಯಲ್ಲಿ ಇರತಕ್ಕದ್ದು. ಬಹುತೇಕ ಲಸಿಕೆಗಳನ್ನೂ ಬಳಕೆಗೆ ತೆರೆಯದ ಇನ್ಸುಲಿನ್‌ನ್ನೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಇಡಬೇಕು. ಶಾಖದಿಂದ ಮಾತ್ರವಲ್ಲದೆ ಅತಿ ಶೀತದಿಂದಲೂ ಹಾನಿಯುಂಟಾಗುತ್ತದೆ. ಹೆಪಟೈಟಿಸ್-ಬಿ, ಪೆಂಟಾವೇಲೆಂಟ್ ಮುಂತಾದ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಸತ್ವ ಕಳೆದುಕೊಳ್ಳುತ್ತವೆ. ಕರಗಿದ ನಂತರ ಬಾಟಲಿಯು ಮೊದಲಿನಂತೆಯೇ ಕಾಣಬಹುದು. ಆಗ ಮಗುವಿಗೆ ಚುಚ್ಚುಮದ್ದು ಬೀಳುತ್ತದೆ, ಕಾರ್ಡಿನಲ್ಲಿ ನಮೂದೂ ಆಗುತ್ತದೆ. ಆದರೆ ರಕ್ಷಣೆ ದೊರೆಯದೇ ಹೋಗಬಹುದು. ಲಸಿಕೆಯ ಬಾಟಲಿಯ ಮೇಲಿನ ವಿವಿಎಂ ಗುರುತು ಶಾಖದ ಪರಿಣಾಮವನ್ನು ಮಾತ್ರ ತೋರಿಸುತ್ತದೆ; ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ.

ಸಾಮಾನ್ಯ ಥರ್ಮಾಮೀಟರ್ ಏಕೆ ಸಾಲದು?

ಥರ್ಮಾಮೀಟರ್ ನೋಡಿದ ಕ್ಷಣದ ತಾಪಮಾನವನ್ನಷ್ಟೇ ತಿಳಿಸುತ್ತದೆ. ರಾತ್ರಿ ಹಲವು ಗಂಟೆ ವಿದ್ಯುತ್ ನಿಲುಗಡೆಯಾಗಿ, ಬೆಳಗಿನ ವೇಳೆಗೆ ರೆಫ್ರಿಜರೇಟರ್ ಮತ್ತೆ ತಂಪಾಗಿದ್ದರೆ ನಡೆದದ್ದು ಯಾರ ಗಮನಕ್ಕೂ ಬರುವುದಿಲ್ಲ. ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಏರಿಳಿತದ ಮಿತಿಯನ್ನು ತಿಳಿಸಿದರೂ ಅದು ಎಷ್ಟು ಹೊತ್ತು ಇತ್ತೆಂಬುದನ್ನು ತಿಳಿಸದು. ಡೇಟಾ ಲಾಗರ್ ಬ್ಯಾಟರಿಯಿಂದ ನಡೆಯುವ, ಅಂಗೈಯಲ್ಲಿ ಹಿಡಿಯಬಹುದಾದ ಉಪಕರಣ. ನಿಗದಿತ ಅಂತರದಲ್ಲಿ ತಾಪಮಾನವನ್ನು ದಿನಾಂಕ ಮತ್ತು ವೇಳೆಯೊಂದಿಗೆ ದಾಖಲಿಸುತ್ತದೆ. 10 ನಿಮಿಷಕ್ಕೊಮ್ಮೆ ದಾಖಲಿಸಿದಲ್ಲಿ ದಿನಕ್ಕೆ 144 ಅಂಕಿಗಳು ದೊರೆಯುತ್ತವೆ. ಇವುಗಳನ್ನು ಗಣಕಯಂತ್ರಕ್ಕೆ ವರ್ಗಾಯಿಸಿಕೊಳ್ಳಬಹುದು.

ಬಳಸುವ ಕ್ರಮ

1. ಮಾಪನಾಂಕ ನಿರ್ಣಯ (ಕ್ಯಾಲಿಬ್ರೇಷನ್) ಪ್ರಮಾಣಪತ್ರವಿರುವ ಉಪಕರಣವನ್ನೇ ಖರೀದಿಸಿ, ಪ್ರಮಾಣಪತ್ರದ ಅವಧಿ ಮುಗಿಯುವ ಮೊದಲು ಮರುಪರೀಕ್ಷೆ ಮಾಡಿಸತಕ್ಕದ್ದು.
2. ಉಪಕರಣದ ಗಡಿಯಾರ ಮತ್ತು ದಿನಾಂಕ ಸರಿಯಾಗಿರುವುದನ್ನು ಆರಂಭದಲ್ಲಿಯೇ ಖಚಿತಪಡಿಸಿಕೊಳ್ಳುವುದು.
3. ತಾಪಮಾನ ಅಳೆಯುವ ತುದಿಯನ್ನು ಔಷಧಗಳ ನಡುವೆ ಇಡುವುದು. ಬಾಗಿಲಿನಲ್ಲಾಗಲಿ, ಫ್ರೀಜರ್‌ಗೆ ತಾಗಿದಂತಾಗಲಿ ಇಡಬಾರದು.
4. 2 ಡಿಗ್ರಿಗಿಂತ ಕೆಳಗೆ ಮತ್ತು 8 ಡಿಗ್ರಿಗಿಂತ ಮೇಲೆ ಹೋದಾಗ ಎಚ್ಚರಿಸುವಂತೆ ಹೊಂದಿಸುವುದು.
5. ಲಾಗರ್ ಇದ್ದರೂ ಬೆಳಿಗ್ಗೆ ಮತ್ತು ಸಂಜೆ ತಾಪಮಾನ ನೋಡಿ ವಹಿಯಲ್ಲಿ ಬರೆಯುವುದನ್ನು ನಿಲ್ಲಿಸಬಾರದು.

ತಾಪಮಾನ ಮಿತಿ ಮೀರಿದಲ್ಲಿ

ದಾಸ್ತಾನನ್ನು ಕೂಡಲೇ ಎಸೆಯಬಾರದು, ವಿತರಿಸಲೂಬಾರದು. ಅದನ್ನು 2ರಿಂದ 8 ಡಿಗ್ರಿಯಲ್ಲಿಯೇ ಪ್ರತ್ಯೇಕವಾಗಿರಿಸಿ "ಬಳಸಬೇಡಿ" ಎಂಬ ಚೀಟಿ ಅಂಟಿಸುವುದು. ಲಾಗರ್‌ನ ದಾಖಲೆಯನ್ನು ಅಳಿಸದೆ ಪ್ರತಿ ತೆಗೆದು, ಖಾಸಗಿ ದಾಸ್ತಾನಾದಲ್ಲಿ ತಯಾರಕರಿಂದ, ಸರ್ಕಾರಿ ಲಸಿಕೆಯಾದಲ್ಲಿ ಜಿಲ್ಲಾ ಲಸಿಕಾ ಅಧಿಕಾರಿಗಳಿಂದ ಸಲಹೆ ಪಡೆಯುವುದು. ಎಷ್ಟು ಡಿಗ್ರಿ, ಎಷ್ಟು ಹೊತ್ತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿದ್ದರೆ ಮಾತ್ರ ಆ ಔಷಧ ಬಳಕೆಗೆ ಯೋಗ್ಯವೇ ಎಂದು ನಿರ್ಧರಿಸಲು ಸಾಧ್ಯ. ಮಿತಿ ಮೀರಿದ ದಾಖಲೆಯನ್ನು ಮರೆಮಾಚದೆ ತಪಾಸಣೆಯ ವೇಳೆ ಹಾಜರುಪಡಿಸುವುದು ಮಾರಾಟಗಾರರಿಗೂ ರೋಗಿಗಳಿಗೂ ಹಿತಕರ.

ಔಷಧ ಕೊಳ್ಳುವ ನಾಗರಿಕರು ಸಹ ತಂಪಿನಲ್ಲಿಡಬೇಕಾದ ಔಷಧವನ್ನು ರೆಫ್ರಿಜರೇಟರ್‌ನಿಂದಲೇ ತೆಗೆದುಕೊಡುವಂತೆ ಕೇಳಿ ಪಡೆಯಲು ಕೋರಲಾಗಿದೆ.